ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆಗಲ್ಲ: ಹಳೆಯ ಕಾರಿನ ಪ್ರಶ್ನೆಗಳು

ಪ್ರಶ್ನೆ: ಸರ್, ನನ್ನದು 2004ರ ಮಾರುತಿ 800, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಗಾಡಿ. ಒಂದು ಲಕ್ಷ ಹನ್ನೆರಡು ಸಾವಿರ ಕಿ.ಮೀ. ಓಡಿದೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಹೊನ್ನಾವರಕ್ಕೆ ಹೋಗಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಕೆಲವು ಸಲ ಏನೂ ಆಗುವುದಿಲ್ಲ. ಹೋದ ತಿಂಗಳು ದೇವಿಮನೆ ಘಟ್ಟ ಹತ್ತಿ ಚಹಾ ಕುಡಿಯಲು ನಿಲ್ಲಿಸಿದೆವು, ಅಲ್ಲೇ ಮುಕ್ಕಾಲು ಗಂಟೆ ಕೂರಬೇಕಾಯಿತು. ಆಮೇಲೆ ತಾನಾಗಿಯೇ ಸ್ಟಾರ್ಟ್ ಆಯಿತು. ಕೆಲವೊಮ್ಮೆ ವಾರದಲ್ಲಿ ಎರಡು ಸಲ ಹೀಗಾಗುತ್ತದೆ, ಕೆಲವೊಮ್ಮೆ ಹದಿನೈದು ದಿನ ಏನೂ ಇರುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್ (ಇಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟಾರ್) ಬಿಚ್ಚಿಸಿ ಅದರೊಳಗೆ ಸವೆಯುವ ಕಾರ್ಬನ್, ಬುಶ್ ಬದಲಿಸಿದೆ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೂಡ ಬದಲಾಯಿತು. ಹನ್ನೊಂದು ಸಾವಿರ ಖರ್ಚಾಗಿದೆ. ಗ್ಯಾರೇಜಿಗೆ ಒಯ್ದರೆ ಮಾತ್ರ ಯಾವ ತೊಂದರೆಯೂ ಇಲ್ಲ, ಟಪ್ಪನೆ ಸ್ಟಾರ್ಟ್ ಆಗುತ್ತದೆ. ಮಕ್ಕಳು ಮಾರಿಬಿಡಿ ಎನ್ನುತ್ತಾರೆ. ಮನೆಯವರನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ದಾರಿಯಲ್ಲಿ ನಿಂತರೆ ಏನು ಮಾಡಲಿ ಎಂಬ ಹೆದರಿಕೆ.
– ಓದುಗರು, ಕುಮಟಾ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿದೆ, ಏಕೆಂದರೆ ಒಂದು ವಿಷಯ ಪತ್ರದಲ್ಲಿ ಇರಲಿಲ್ಲ. ಸ್ಟಾರ್ಟ್ ಆಗಲ್ಲ ಎಂದರೆ ಏನಾಗುತ್ತದೆ? ಸೆಲ್ಫ್ ತಿರುಗುವುದೇ ಇಲ್ಲವೋ, ಅಥವಾ ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯುವುದಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಹೊಟ್ಟೆನೋವು ಮತ್ತು ತಲೆನೋವಿನಷ್ಟು ಬೇರೆ. ಎರಡನ್ನೂ ನಾವು ‘ಸ್ಟಾರ್ಟ್ ಆಗ್ತಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ, ಅಲ್ಲಿಂದಲೇ ಅರ್ಧ ಖರ್ಚು ಶುರುವಾಗುತ್ತದೆ.

ನೀವು ಹೇಳಿದ್ದು ಇಷ್ಟು: ಬೋರ್ಡಿನ ದೀಪಗಳು ಚೆನ್ನಾಗಿಯೇ ಹತ್ತುತ್ತವೆ, ಕೀ ಪೂರ್ತಿ ತಿರುಗಿಸಿದರೆ ಒಮ್ಮೊಮ್ಮೆ ಸಣ್ಣಗೆ ‘ಟಕ್’ ಅನ್ನುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಸೆಲ್ಫ್ ತಿರುಗುವುದಿಲ್ಲ. ಹಾಗಾದರೆ ಇಗ್ನಿಷನ್ ಕಾಯಿಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಕಾಯಿಲ್ ಕೆಲಸ ಶುರುವಾಗುವುದೇ ಇಂಜಿನ್ ತಿರುಗಿದ ಮೇಲೆ. ಪೆಟ್ರೋಲ್ ಪಂಪ್, ಪ್ಲಗ್, ಇಂಜೆಕ್ಟರ್, ಸೆನ್ಸರ್ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ನೋಡಬೇಕಾದದ್ದು ಬ್ಯಾಟರಿ, ಸೆಲ್ಫ್, ಅವೆರಡರ ನಡುವಿನ ದಪ್ಪ ವೈರ್, ಅರ್ತಿಂಗ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿ), ಮತ್ತು ಕೀ ಸ್ವಿಚ್ಚಿನಿಂದ ಸೆಲ್ಫಿಗೆ ಹೋಗುವ ಒಂದು ಸಣ್ಣ ವೈರ್. ಅಷ್ಟೇ.

ಗ್ಯಾರೇಜಿನವರ ಮೇಲೆ ನಿಮಗೆ ಬೇಸರವಾಗಿದೆ ಎಂದು ಗೊತ್ತಾಯಿತು. ಆದರೆ ಅವರ ಕಡೆಯಿಂದ ಒಮ್ಮೆ ನೋಡಿ. ನಿಮ್ಮ ಕಾರು ಗ್ಯಾರೇಜಿಗೆ ಬರುವುದು ಸ್ಟಾರ್ಟ್ ಆದ ದಿನ ಮಾತ್ರ. ಕಾಯಿಲೆ ಇರುವ ಹೊತ್ತಿನಲ್ಲಿ ಅವರು ಅದನ್ನು ಒಮ್ಮೆಯೂ ನೋಡಿಲ್ಲ. ಸರಿಯಾಗಿರುವ ಗಾಡಿಯನ್ನು ಮುಂದೆ ಇಟ್ಟುಕೊಂಡು ಏನು ಕೆಟ್ಟಿದೆ ಹೇಳಿ ಎಂದರೆ ಯಾವ ಒಳ್ಳೆಯ ಮೆಕ್ಯಾನಿಕ್ ಆದರೂ ಅಂದಾಜಿನ ಮೇಲೆಯೇ ಕೈ ಹಾಕಬೇಕಾಗುತ್ತದೆ, ಅಂದಾಜು ಮೊದಲು ಹೋಗುವುದು ಬ್ಯಾಟರಿಗೆ, ಆಮೇಲೆ ಸೆಲ್ಫಿಗೆ. ಅದಕ್ಕೇ ಇಂತಹ ಬಂದು ಹೋಗುವ ತೊಂದರೆಯಲ್ಲಿ ಪತ್ತೆ ಕೆಲಸ ಗಾಡಿ ಓಡಿಸುವವರದ್ದೇ. ಅದು ಕೈಕೊಟ್ಟ ಜಾಗದಲ್ಲಿ, ಕೈಕೊಟ್ಟ ಐದು ನಿಮಿಷದಲ್ಲಿ ಏನು ನೋಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಮತ್ತೆ ಸ್ಟಾರ್ಟ್ ಆದ ಮೇಲೆ ಏನೂ ಸಿಗುವುದಿಲ್ಲ.

ಮೊದಲ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಮುಂದಿನ ಸಲ ಕೈಕೊಟ್ಟಾಗ ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸಬೇಡಿ. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾರಿನ ಒಳಗಿನ ಮೇಲಿನ ದೀಪ ಹಾಕಿ. (ಹೆಡ್‌ಲೈಟ್ ಹಾಕಿಯೂ ನೋಡಬಹುದು, ಆದರೆ ಕೆಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ತಾನಾಗಿ ಆರುತ್ತದೆ, ಅದರಿಂದ ಮೋಸ ಹೋಗಬಾರದು.) ಈಗ ದೀಪವನ್ನೇ ನೋಡುತ್ತಾ ಕೀ ತಿರುಗಿಸಿ. ದೀಪ ಪೂರ್ತಿ ಮಂಕಾದರೆ ಅಥವಾ ಆರಿಯೇ ಹೋದರೆ ಬ್ಯಾಟರಿ ಡೌನ್ ಆಗಿದೆ ಅಥವಾ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆ, ತುಕ್ಕು ಹಿಡಿದಿದೆ. ಟಕ್ ಎಂಬ ಗಟ್ಟಿ ಶಬ್ದ ಬಂದು ದೀಪ ಸ್ವಲ್ಪ ಮಂಕಾದರೆ ಕರೆಂಟ್ ಸೆಲ್ಫಿನವರೆಗೆ ಹೋಗುತ್ತಿದೆ, ಸೆಲ್ಫಿನೊಳಗೇ ಏನೋ ಇದೆ. ದೀಪ ಒಂದಿಷ್ಟೂ ಅಲುಗಾಡದೆ ಹಾಗೇ ಉರಿಯುತ್ತಿದ್ದರೆ ಸೆಲ್ಫಿಗೆ ಹೇಳಿಕೊಳ್ಳುವಷ್ಟು ಕರೆಂಟೇ ಹೋಗುತ್ತಿಲ್ಲ. ಒಂದೋ ಕೀ ತಿರುಗಿಸಿದ ಸುದ್ದಿ ಸೆಲ್ಫಿಗೆ ತಲುಪಿಲ್ಲ, ಇಲ್ಲವೇ ಅರ್ತಿಂಗ್ ಪೂರ್ತಿ ಕಡಿದಿದೆ.

ಈ ‘ಸುದ್ದಿ’ ಏನು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಕಾರಿನ ಗುಟ್ಟು ಇಲ್ಲೇ ಇರಬಹುದು ಎಂದು ನನಗೆ ಮೊದಲಿನಿಂದಲೂ ಅನಿಸಿತ್ತು. ಸೆಲ್ಫ್ ತಿರುಗಲು ಸಣ್ಣ ಕಾರಿನಲ್ಲೂ 100 ಆಂಪಿಯರ್ ಆಸುಪಾಸು ಬೇಕು. ಅಷ್ಟು ಕರೆಂಟನ್ನು ಕೀ ಸ್ವಿಚ್ಚಿನ ಮೂಲಕ ಹಾಯಿಸಿದರೆ ಸ್ವಿಚ್ ಸುಟ್ಟೇ ಹೋಗುತ್ತದೆ. ಅದಕ್ಕೆ ಸೆಲ್ಫಿನ ಮೇಲೆ ಸೊಲೆನಾಯ್ಡ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಕೀ ತಿರುಗಿಸಿದಾಗ ಸಣ್ಣ ವೈರಿನಲ್ಲಿ ಕರೆಂಟ್ ಬಂದು ಅದರೊಳಗಿನ ತಾಮ್ರದ ಸುರುಳಿ ಅಯಸ್ಕಾಂತವಾಗುತ್ತದೆ, ಕಬ್ಬಿಣದ ರಾಡನ್ನು ಒಳಗೆ ಎಳೆಯುತ್ತದೆ, ಆಗ ದಪ್ಪ ವೈರಿನ ಸಂಪರ್ಕ ಕೂಡಿ ಮೋಟಾರ್ ತಿರುಗುತ್ತದೆ. ನಿಮಗೆ ಕೇಳಿಸುವ ‘ಟಕ್’ ಆ ರಾಡಿನದು.

ಆದರೆ ಆ ಸುರುಳಿಯೂ ಎಳೆಯುವ ಕ್ಷಣದಲ್ಲಿ ಹತ್ತು ಆಂಪಿಯರಿಗಿಂತ ಜಾಸ್ತಿ ಕರೆಂಟನ್ನೇ ಕೇಳುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಈ ದಾರಿಯಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಇರುವುದಿಲ್ಲ. ಕೀ ಸ್ವಿಚ್ಚಿನ ಒಳಗಿನ ಪುಟ್ಟ ಹಿತ್ತಾಳೆಯ ತುಂಡುಗಳೇ ಅದನ್ನೆಲ್ಲ ಹೊರಬೇಕು. ದಿನಕ್ಕೆ ಐದಾರು ಸಲದಂತೆ ಇಪ್ಪತ್ತು ವರ್ಷ ತಿರುಗಿಸಿದರೆ ಮೂವತ್ತು ನಲವತ್ತು ಸಾವಿರ ಸಲ ಆಯಿತು. ಅಷ್ಟು ಸಲ ಕಿಡಿ ಹಾರಿ ಆ ತುಂಡುಗಳ ಮುಖ ಕಪ್ಪಾಗುತ್ತದೆ, ಗುಳಿ ಬೀಳುತ್ತದೆ. ಇದು ಕಂಪನಿಯ ತಪ್ಪಲ್ಲ, ವಯಸ್ಸು. ಜೊತೆಗೆ ನೀವಿರುವುದು ಕಡಲ ತೀರ. ಉಪ್ಪು ಗಾಳಿಗೆ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟುತ್ತವೆ. ಹೀಗೆ ಸ್ವಿಚ್ಚಿನಲ್ಲಿ ಒಂದಿಷ್ಟು, ಕನೆಕ್ಟರಿನಲ್ಲಿ ಒಂದಿಷ್ಟು ವೋಲ್ಟ್ ಸೋರಿ ಹೋಗಿ, ಸೊಲೆನಾಯ್ಡ್ ತಲುಪುವಾಗ 12ರ ಬದಲು 8 ಅಥವಾ 9 ಉಳಿದಿರುತ್ತದೆ. ಇಂಜಿನ್ ತಣ್ಣಗಿದ್ದಾಗ ಅಷ್ಟರಲ್ಲೇ ಹೇಗೋ ಎಳೆದುಕೊಳ್ಳುತ್ತದೆ.

ಬಿಸಿಯಾದಾಗ ಏಕೆ ಆಗುವುದಿಲ್ಲ? ತಾಮ್ರದ ಗುಣ ಅದು. ಒಂದೊಂದು ಡಿಗ್ರಿ ಬಿಸಿ ಏರಿದಂತೆ ತಾಮ್ರದ ರೋಧ (ಕರೆಂಟಿಗೆ ಅದು ಒಡ್ಡುವ ಅಡ್ಡಿ) 0.39 ಶೇಕಡಾ ಏರುತ್ತದೆ. ಬೆಳಿಗ್ಗೆ 30 ಡಿಗ್ರಿ ಇದ್ದ ಸುರುಳಿ ಘಟ್ಟ ಹತ್ತಿದ ಮೇಲೆ 90 ಆದರೆ ರೋಧ ಸುಮಾರು ಕಾಲು ಭಾಗ ಜಾಸ್ತಿ. ಕರೆಂಟ್ ಅಷ್ಟು ಕಡಿಮೆ, ಎಳೆಯುವ ಶಕ್ತಿಯೂ ಕಡಿಮೆ. ಇನ್ನೊಂದು ವಿಷಯ: ಗಾಡಿ ಓಡುತ್ತಿರುವಾಗ ಗಾಳಿ ಬೀಸಿ ಬಾನೆಟ್ ಒಳಗೆ ತಂಪಾಗುತ್ತಿರುತ್ತದೆ, ನಿಲ್ಲಿಸಿದ ಮೇಲೆ ಹತ್ತು ಹದಿನೈದು ನಿಮಿಷ ಇಂಜಿನ್ನಿನ ಬಿಸಿಯೆಲ್ಲ ಪಕ್ಕದಲ್ಲಿರುವ ಸೆಲ್ಫಿಗೆ ಹತ್ತುತ್ತದೆ. ನಿಮ್ಮ ಚಹಾದ ಹೊತ್ತು ಅದೇ ಅಲ್ವಾ? ಮುಕ್ಕಾಲು ಗಂಟೆಯಲ್ಲಿ ಆರಿ, ಮತ್ತೆ ಅದೇ 8–9 ವೋಲ್ಟ್ ಸಾಕಾಗುತ್ತದೆ. ತಾನಾಗಿಯೇ ಸರಿಯಾಯಿತು ಅನಿಸುವುದು ಇದಕ್ಕೇ. ಸರಿಯಾಗಿರುವುದಿಲ್ಲ.

ಇದೆಲ್ಲ ನನ್ನ ಊಹೆ. ಊಹೆಯ ಮೇಲೆ ನಾನೂ ನಿಮಗೆ ಒಂದು ಸ್ವಿಚ್ ತನ್ನಿ ಎಂದಿದ್ದರೆ ಹನ್ನೊಂದು ಸಾವಿರ ಹನ್ನೆರಡು ಆಗುತ್ತಿತ್ತು. ಅದಕ್ಕೆ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಡಿ ಎಂದೆ. ನಾನೂರು ಐನೂರು ರೂಪಾಯಿಯದು ಸಾಕು. ಸೊಲೆನಾಯ್ಡಿನ ಸಣ್ಣ ವೈರ್ ಕೂರುವ ಟರ್ಮಿನಲ್‌ನಿಂದ ಒಂದು ಉದ್ದ ವೈರನ್ನು ಗ್ಯಾರೇಜಿನಲ್ಲಿ ಮೊದಲೇ ಜೋಡಿಸಿ, ತುದಿಗೆ ಟೇಪ್ ಸುತ್ತಿ, ಬಿಸಿ ಭಾಗಕ್ಕೂ ಫ್ಯಾನಿಗೂ ತಾಗದಂತೆ ಬ್ಯಾಟರಿಯ ಹತ್ತಿರ ಕಟ್ಟಿಸಿಡಿ ಎಂದೂ ಹೇಳಿದೆ, ಏಕೆಂದರೆ ಬಿಸಿ ಇಂಜಿನ್ನಿನ ಕೆಳಗೆ ಕೈ ಹಾಕಿ ಅಳೆಯುವುದು ಅಪಾಯ. ಕೈಕೊಟ್ಟಾಗ ಮನೆಯವರು ಕೀ ತಿರುಗಿಸಿ ಹಿಡಿದಿರಲಿ, ನೀವು ಮೂರು ಕಡೆ ಅಳೆಯಿರಿ, ಬರೆದುಕೊಳ್ಳಿ. ಒಂದು, ಬ್ಯಾಟರಿಯ ಎರಡು ಕಂಬಗಳ ನಡುವೆ. ಎರಡು, ಬ್ಯಾಟರಿಯ ಮೈನಸ್ ಕಂಬ ಮತ್ತು ಇಂಜಿನ್ನಿನ ಬರಿಯ ಲೋಹದ ನಡುವೆ. ಮೂರು, ಆ ಉದ್ದ ವೈರಿನ ತುದಿ ಮತ್ತು ಇಂಜಿನ್ನಿನ ಲೋಹದ ನಡುವೆ. ಪ್ರತಿ ಸಲ ಕೀ ಹಿಡಿಯುವುದು ಎರಡು ಮೂರು ಸೆಕೆಂಡ್ ಸಾಕು.

ಕೆಲವರು ವೈರ್ ಸರಿಯಿದೆಯಾ ಎಂದು ಓಮ್ಸ್‌ನಲ್ಲಿ (ರೋಧದ ಅಳತೆ) ಅಳೆದು ‘ಸೊನ್ನೆ ತೋರಿಸ್ತಿದೆ, ವೈರ್ ಓಕೆ’ ಎನ್ನುತ್ತಾರೆ. ಇಲ್ಲಿ ಅದನ್ನು ನಂಬಬೇಡಿ. ದಪ್ಪ ವೈರಿನ ತುದಿಯಲ್ಲಿ ಬರೀ 0.01 ಓಮ್ ರೋಧ ಇದ್ದರೂ 100 ಆಂಪಿಯರ್ ಹರಿಯುವಾಗ ಅಲ್ಲಿ ಒಂದಿಡೀ ವೋಲ್ಟ್ ಹೋಗುತ್ತದೆ. ನಮ್ಮ ಸಾಮಾನ್ಯ ಮೀಟರಿಗೆ 0.01 ಕಾಣುವುದೇ ಇಲ್ಲ. ಕೆಲಸ ಮಾಡುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ತಲೆಯ ಮೇಲೆ ಮೂಟೆ ಹೊರಿಸಿದಾಗ ಮಾತ್ರ ಯಾರ ಕಾಲು ನಡುಗುತ್ತದೆ ಎಂದು ತಿಳಿಯುವುದು.

ಇದಾಗಿ ಹನ್ನೆರಡು ದಿನಕ್ಕೆ ಕುಮಟಾದಿಂದ ಮತ್ತೆ ಸುದ್ದಿ ಬಂತು. ಅವರು ಬರೆದಿದ್ದು ಹೀಗೆ: ‘ನಿನ್ನೆ ಆಸ್ಪತ್ರೆಯ ಹತ್ತಿರ ಕೈಕೊಟ್ಟಿತು. ಒಳಗಿನ ದೀಪ ಸ್ವಲ್ಪವೂ ಮಂಕಾಗಲಿಲ್ಲ. ಬ್ಯಾಟರಿಯಲ್ಲಿ 12.3, ಮೈನಸ್‌ನಿಂದ ಇಂಜಿನ್ನಿಗೆ 0.05, ಉದ್ದ ವೈರಿನಲ್ಲಿ 7.4 ವೋಲ್ಟ್. ಮೂರು ಸಲ ನೋಡಿದೆ, ಅದೇ ಬಂತು. ಅರ್ಧ ಗಂಟೆಯ ನಂತರ ಸ್ಟಾರ್ಟ್ ಆಯಿತು.’

ಇಷ್ಟು ಸ್ಪಷ್ಟವಾಗಿ ಬರೆದು ಕಳಿಸಿದ್ದಕ್ಕೆ ನಿಜವಾಗಿ ಸಂತೋಷವಾಯಿತು. ಈ ಮೂರು ಅಂಕಿಗಳಲ್ಲಿ ಎಲ್ಲವೂ ಇದೆ. ಬ್ಯಾಟರಿ ಚೆನ್ನಾಗಿದೆ. ಈ ತೊಂದರೆಗೆ ಇಂಜಿನ್ನಿನ ಅರ್ತಿಂಗ್ ಕಾರಣವಲ್ಲ. 12.3ರಲ್ಲಿ 7.4 ಮಾತ್ರ ಸೊಲೆನಾಯ್ಡಿಗೆ ತಲುಪುತ್ತಿದೆ, 4.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಬಹಳಷ್ಟು ಸೊಲೆನಾಯ್ಡುಗಳಿಗೆ ಎಳೆಯಲು 8 ವೋಲ್ಟಾದರೂ ಬೇಕು. ಸೆಲ್ಫ್ ಬಿಚ್ಚಿಸಿ ಕಾರ್ಬನ್ ಹಾಕಿಸಿದರೂ ಏಕೆ ಪ್ರಯೋಜನ ಆಗಲಿಲ್ಲ ಎನ್ನುವುದಕ್ಕೂ ಉತ್ತರ ಇಲ್ಲೇ ಸಿಕ್ಕಿತು.

ಈಗ ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವುದು ಸುಲಭ, ಮತ್ತು ಈ ಕೆಲಸವನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಈ ಅಂಕಿಗಳನ್ನು ಬರೆದ ಚೀಟಿಯನ್ನು ಅವರ ಕೈಗೆ ಕೊಡಿ. ಗಾಡಿ ಸ್ಟಾರ್ಟ್ ಆಗುವ ಹೊತ್ತಿನಲ್ಲೂ ಅವರು ಅಳೆಯಬಹುದು, ಏಕೆಂದರೆ ಕಾಯಿಲೆ ಯಾವಾಗಲೂ ಇದೆ, ಹೊರಗೆ ಕಾಣಿಸುವುದು ಬಿಸಿಯಾದಾಗ ಮಾತ್ರ. ಕೀ ಸ್ವಿಚ್ಚಿಗೆ ಬರುವ ವೈರ್, ಅಲ್ಲಿಂದ ಹೊರಡುವ ವೈರ್, ಸೆಲ್ಫಿನ ಹತ್ತಿರದ ಕನೆಕ್ಟರ್, ಹೀಗೆ ಒಂದೊಂದೇ ಕಡೆ, ಕೀ ತಿರುಗಿಸಿದ ಸ್ಥಿತಿಯಲ್ಲಿ. ಎಲ್ಲಿ ಒಮ್ಮೆಲೇ ಅಂಕಿ ಕೆಳಗೆ ಬೀಳುತ್ತದೋ ಅದರ ಹಿಂದಿನ ತುಂಡೇ ಕಾರಣ.

ಸ್ವಿಚ್ ಎಂದೇ ಗೊತ್ತಾದರೆ ಪೂರ್ತಿ ಕೀ ಸೆಟ್ ಬದಲಿಸಬೇಕು ಎಂದು ಹೆದರಬೇಡಿ. ಕೀ ಹೋಗುವ ಲಾಕ್ ಬೇರೆ, ಅದರ ಹಿಂದಿರುವ ವಿದ್ಯುತ್ ಸ್ವಿಚ್ ಬೇರೆ. ಬಹಳಷ್ಟು ಕಾರುಗಳಲ್ಲಿ ಹಿಂದಿನ ಭಾಗ ಮಾತ್ರ ಪ್ರತ್ಯೇಕವಾಗಿ ಸಿಗುತ್ತದೆ, ಕೀ ಹಳೆಯದೇ ಇರುತ್ತದೆ.

ಮತ್ತೊಂದು ಕೆಲಸವನ್ನು ಜೊತೆಗೇ ಮಾಡಿಸಿ ಎಂದು ಒತ್ತಿ ಹೇಳುತ್ತೇನೆ: ಸೆಲ್ಫಿನ ಸಣ್ಣ ವೈರಿಗೆ ಒಂದು ರಿಲೇ. ಹಾರ್ನಿಗೆ, ಫಾಗ್ ಲ್ಯಾಂಪಿಗೆ ಹಾಕುವ ನಾಲ್ಕು ಪಿನ್ನಿನ 12 ವೋಲ್ಟ್, 30 ಆಂಪಿಯರ್ ರಿಲೇ ಸಾಕು. ರಿಲೇಯ ಪಿನ್ನುಗಳ ಮೇಲೆ ನಂಬರ್ ಇರುತ್ತದೆ: ಕೀ ಸ್ವಿಚ್ಚಿನಿಂದ ಬರುವ ವೈರ್ 86ಕ್ಕೆ, 85 ಅರ್ತಿಗೆ, ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಸೊಲೆನಾಯ್ಡಿಗೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ಅದನ್ನು ಬಿಡುವಂತಿಲ್ಲ. ಆಗ ಕೀ ಸ್ವಿಚ್ ಹೊರಬೇಕಾದದ್ದು ರಿಲೇಯ ಸಣ್ಣ ಸುರುಳಿಯನ್ನು ಮಾತ್ರ, ಅದು ಕಾಲು ಆಂಪಿಯರ್ ಕೂಡ ಇರುವುದಿಲ್ಲ. ಕೆಲವರು ಸ್ವಿಚ್ ಬದಲಿಸದೆ ರಿಲೇ ಮಾತ್ರ ಹಾಕಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸುಟ್ಟ ಸ್ವಿಚ್ ಓಡುತ್ತಿರುವಾಗಲೂ ಕೈಕೊಡಬಹುದು. ಅದೇ ಸ್ವಿಚ್ಚಿನ ಪಕ್ಕದ ಪಾಯಿಂಟಿನಿಂದಲೇ ಇಂಜಿನ್ನಿಗೂ ಕರೆಂಟ್ ಹೋಗುವುದು. ಹೆದ್ದಾರಿಯಲ್ಲಿ ಲಾರಿಯ ಮುಂದೆ ಇಂಜಿನ್ ಆರುವುದು ಬೇಡ.

ಮಾರಬೇಕೋ ಬೇಡವೋ ಎಂದು ಕೇಳಿದ್ದಿರಿ. ಎರಡು ಸಲ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಇಟ್ಟುಕೊಂಡಿದ್ದೀರಿ, ಬಾಡಿ ಗಟ್ಟಿಯಿದೆ, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಇಂಜಿನ್. ಒಂದು ಸ್ವಿಚ್ಚಿನ ಕಾರಣಕ್ಕೆ ಮಾರಬೇಡಿ.

ಅರ್ತಿಂಗ್ ವಿಷಯವನ್ನೂ ಹೇಳಿಬಿಡುತ್ತೇನೆ, ಈ ಪತ್ರದವರಿಗೆ ಬೇಡವಾದರೂ ಹಳೆಯ ಕಾರಿರುವ ಎಲ್ಲರಿಗೂ ಬೇಕು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೆ ಬ್ಯಾಟರಿಯ ಮೈನಸ್‌ನಿಂದ ಇಂಜಿನ್ ಅಥವಾ ಗೇರ್‌ಬಾಕ್ಸಿಗೆ ಒಂದು ದಪ್ಪ ವೈರ್ ಅಥವಾ ಹೆಣೆದ ಪಟ್ಟಿ ಇರುತ್ತದೆ. ನನ್ನ ಹಳೆಯ ಕಾರೊಂದರಲ್ಲಿ ಆ ಪಟ್ಟಿ ಒಳಗೊಳಗೇ ತುಂಡಾಗಿತ್ತು, ಮೇಲೆ ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು. ಒಂದು ದಿನ ಸೆಲ್ಫ್ ಹೊಡೆದಾಗ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸಣ್ಣಗೆ ಹೊಗೆ ಬಂತು. ಬೇರೆ ದಾರಿ ಸಿಗದ ಕರೆಂಟ್ ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿಯ ಮೂಲಕ ವಾಪಸ್ ಹೋಗುತ್ತಿತ್ತು, ಕೇಬಲ್ ಕೈ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಆದ್ದರಿಂದ ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಕಾರಣವಿಲ್ಲದೆ ಬಿಗಿಯಾಗುತ್ತಿದ್ದರೆ, ಜೊತೆಗೆ ಸೆಲ್ಫೂ ತೊದಲುತ್ತಿದ್ದರೆ ಮೊದಲು ಆ ಪಟ್ಟಿ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್‌ನಿಂದ ಇಂಜಿನ್ನಿಗೆ 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಪಟ್ಟಿ ಬಿಚ್ಚಿ, ಎರಡೂ ತುದಿಯ ಲೋಹ ಹೊಳೆಯುವಂತೆ ಉಜ್ಜಿ ಕಟ್ಟಬೇಕು. ಪ್ಲಸ್ ಕಡೆಯ ದಪ್ಪ ವೈರಿನಲ್ಲಿ 0.5ರವರೆಗೆ ನಡೆಯುತ್ತದೆ.

ಪ್ರಶ್ನೆ: ನಮ್ಮದು 1997ರ ಕಾರ್ಬ್ಯುರೇಟರ್ ಕಾರು. ಮಳೆಗಾಲದ ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಪೆಟ್ರೋಲ್ ವಾಸನೆ ಬರುತ್ತದೆ. ಹತ್ತು ಗಂಟೆಗೆ ಸ್ವಲ್ಪ ಬಿಸಿಲು ಬಂದರೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ತೊಂದರೆಯೇ ಇಲ್ಲ. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ಕ್ಲೀನ್ ಮಾಡಿಸಿದ್ದೇವೆ.
– ಓದುಗರು, ಸಕಲೇಶಪುರ

ಉತ್ತರ: ಇದು ಎರಡನೇ ಜಾತಿಯ ಕಾಯಿಲೆ. ಸೆಲ್ಫ್ ಹೊಡೆಯುತ್ತಿದೆ, ಪೆಟ್ರೋಲ್ ವಾಸನೆಯೂ ಇದೆ, ಹಾಗಾದರೆ ಬರುತ್ತಿಲ್ಲದ್ದು ಕಿಡಿ. ಕಾರ್ಬ್ಯುರೇಟರನ್ನು ಇನ್ನು ಮುಟ್ಟಬೇಡಿ.

ಪ್ಲಗ್ಗಿಗೆ ಹೋಗುವ ದಪ್ಪ ಪ್ಲಗ್ ವೈರುಗಳಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್ ಇರುತ್ತದೆ. ರಬ್ಬರ್ ಹಳೆಯದಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಒಣ ಹವೆಯಲ್ಲಿ ನಡೆಯುತ್ತದೆ, ಸಕಲೇಶಪುರದ ಮಳೆಯ ತೇವ ಆ ಬಿರುಕಿನಲ್ಲಿ ಕೂತರೆ ಕಿಡಿ ಪ್ಲಗ್ಗಿನವರೆಗೆ ಹೋಗುವ ಬದಲು ಹತ್ತಿರದ ಲೋಹಕ್ಕೆ ಹಾರುತ್ತದೆ. ನೋಡುವ ವಿಧಾನ ಹಳೆಯದು, ಈಗಲೂ ಇದಕ್ಕಿಂತ ಒಳ್ಳೆಯದಿಲ್ಲ. ರಾತ್ರಿ, ಗಾಳಿಯಾಡುವ ಜಾಗದಲ್ಲಿ, ದೀಪವೆಲ್ಲ ಆರಿಸಿ, ಬಾನೆಟ್ ತೆರೆದು ಇಂಜಿನ್ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಮಾಡುವುದಕ್ಕೂ ಮೊದಲು ಮೂಗಿಗೆ ಕೆಲಸ ಕೊಡಿ: ಬಾನೆಟ್ ಒಳಗೆ ಹಸಿ ಪೆಟ್ರೋಲ್ ವಾಸನೆ ಇದ್ದರೆ ಅಥವಾ ಎಲ್ಲಾದರೂ ಸೋರುತ್ತಿದ್ದರೆ ಈ ಪರೀಕ್ಷೆ ಮಾಡಲೇಬೇಡಿ, ಅದನ್ನು ಸರಿಮಾಡಿಸಿದ ಮೇಲೆ ನೋಡಿ. ಸೋರಿಕೆ ಇಲ್ಲವೆಂದಾದರೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಮಂಜಿನಂತೆ ಸ್ವಲ್ಪ ನೀರು ಬಿಡಿ. ಬಿರುಕಿದ್ದ ಕಡೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ, ಚಟಚಟ ಶಬ್ದ ಕೇಳುತ್ತದೆ. ಕೈ ದೂರ ಇರಲಿ, ವೈರ್ ಮುಟ್ಟಬೇಡಿ. ಸೀರೆ ಸೆರಗು, ಲುಂಗಿ, ಶಾಲು ಫ್ಯಾನಿನ ಹತ್ತಿರ ಹೋಗಬಾರದು.

ವೈರಿನಲ್ಲಿ ಏನೂ ಕಾಣದಿದ್ದರೆ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಒಂದೊಂದು ಪ್ಲಗ್ಗಿಗೂ ಹಂಚುವ ಭಾಗ) ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಪೆನ್ಸಿಲ್ಲಿನಲ್ಲಿ ಗೀಚಿದಂತೆ ಸಣ್ಣ ಕಪ್ಪು ಗೆರೆ ಇದ್ದರೆ ಅದೇ ಕರೆಂಟ್ ಕದ್ದು ಹೋಗುವ ದಾರಿ. ಒರೆಸಿದರೆ ಎರಡು ದಿನ ಸರಿಯಿರುತ್ತದೆ. ಕ್ಯಾಪ್ ಬದಲಿಸಬೇಕು, ಅದರೊಳಗೆ ತಿರುಗುವ ರೋಟರನ್ನೂ ಜೊತೆಗೇ ಹಾಕಿಸಿ. ವೈರುಗಳನ್ನು ಸೆಟ್ಟಾಗಿಯೇ ತನ್ನಿ. ಇಷ್ಟೆಲ್ಲ ಸರಿಯಿದ್ದೂ ತೊಂದರೆ ಹೋಗದಿದ್ದರೆ ಬಾನೆಟ್ ಒಳಗೆ ಇಲಿ ಬಂದಿದೆಯೇ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚನೆಯ ಇಂಜಿನ್ ಬೇಕು, ಕಚ್ಚಲು ವೈರ್ ಬೇಕು.

ಪ್ರಶ್ನೆ: ಮೇ ತಿಂಗಳಲ್ಲಿ ಮಧ್ಯಾಹ್ನ ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸೆಲ್ಫ್ ಜೋರಾಗಿ ತಿರುಗುತ್ತದೆ ಆದರೆ ಇಂಜಿನ್ ಹಿಡಿಯಲ್ಲ. ಅರ್ಧ ಗಂಟೆ ಬಿಟ್ಟರೆ ಹಿಡಿಯುತ್ತದೆ. 2002ರ ಇಂಜೆಕ್ಷನ್ ಕಾರು. ಚೆಕ್ ಇಂಜಿನ್ ದೀಪ ಬಂದೇ ಇಲ್ಲ. ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿಸಿದೆ, ಕನೆಕ್ಟ್ ಆಗಲಿಲ್ಲ.
– ಓದುಗರು, ಕಲಬುರಗಿ

ಉತ್ತರ: ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಎಂದು ಬೇಜಾರು ಬೇಡ. ಅಷ್ಟು ಹಳೆಯ ಕಾರುಗಳಲ್ಲಿ ಎಲ್ಲ ಕಡೆ ಸಿಗುವ ಸಾಮಾನ್ಯ ಸ್ಕ್ಯಾನರ್ ಕೆಲಸ ಮಾಡುತ್ತದೆ ಎಂಬ ಖಾತ್ರಿ ಇಲ್ಲ. ಕಿವಿ, ಕಣ್ಣು ಸಾಕು.

ಕೈಕೊಟ್ಟಾಗ ರೇಡಿಯೋ, ಫ್ಯಾನ್ ಆಫ್ ಮಾಡಿ ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತನ್ನಿ. ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ‘ಗುಂಯ್’ ಎಂದು ಪೆಟ್ರೋಲ್ ಪಂಪಿನ ಶಬ್ದ ಬರಬೇಕು. ಇದನ್ನು ಮೊದಲು ಸರಿಯಿರುವ ದಿನವೇ ಕೇಳಿ ಅಭ್ಯಾಸ ಮಾಡಿಕೊಂಡಿರಿ, ಇಲ್ಲದಿದ್ದರೆ ರಸ್ತೆಯ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಶಬ್ದ ಬರದಿದ್ದರೆ ಪಂಪಿನ ರಿಲೇ, ಫ್ಯೂಸ್, ಪಂಪ್, ಈ ಕ್ರಮದಲ್ಲಿ ನೋಡಿ. ರಿಲೇ ಒಳಗಿನ ಬೆಸುಗೆ ಬಿರುಕು ಬಿಟ್ಟಿದ್ದರೆ ಬಿಸಿಲಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಂಪಾದರೆ ಮತ್ತೆ ಕೂಡುತ್ತದೆ. ನಿಮ್ಮ ಊರಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಎಷ್ಟು ಕಾಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅದೇ ಕಾರಿನಲ್ಲಿ ಅದೇ ನಂಬರಿನ ಬೇರೊಂದು ರಿಲೇ ಇದ್ದರೆ ಅಲ್ಲೇ ಅದಲು ಬದಲು ಮಾಡಿ ನೋಡಬಹುದು, ಖರ್ಚಿಲ್ಲ.

ಪಂಪಿನ ಶಬ್ದ ಬರುತ್ತಿದೆ ಎಂದಾದರೆ ನನ್ನ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದು ಅದೇ. ಅದು ಹೇಳದಿದ್ದರೆ ಬಹಳಷ್ಟು ಕಾರುಗಳಲ್ಲಿ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಅದರೊಳಗೆ ಕೂದಲಿನಂತಹ ತಾಮ್ರದ ತಂತಿಯ ಸುರುಳಿ ಇರುತ್ತದೆ. ಎಲ್ಲೋ ಒಂದು ಕಡೆ ತಂತಿ ಕಡಿದಿದ್ದರೆ ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಗೆ ದೂರವಾಗುತ್ತವೆ. ನಿಮ್ಮ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಮುಳ್ಳನ್ನು ಗಮನಿಸಿ. ಸರಿಯಿರುವ ದಿನ ಸ್ವಲ್ಪ ಅಲುಗಿ, ಕೈಕೊಟ್ಟ ದಿನ ಸೊನ್ನೆಯಲ್ಲೇ ಸತ್ತು ಬಿದ್ದಿದ್ದರೆ ಅನುಮಾನ ಗಟ್ಟಿಯಾಯಿತು. ಆಮೇಲೆ, ಸೆನ್ಸರ್ ಕೈಗೆ ಸಿಗುವ ಜಾಗದಲ್ಲಿದ್ದರೆ ಕೀ ತೆಗೆದು, ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಇಡಿ. ಅರ್ಧ ಗಂಟೆ ಕಾಯದೆ ಆಗಲೇ ಇಂಜಿನ್ ಹಿಡಿದರೆ ಆ ಸೆನ್ಸರ್ ಬದಲಿಸಿ, ಒಳ್ಳೆಯ ಕಂಪನಿಯದನ್ನೇ ಹಾಕಿಸಿ.

ಒಂದು ಸಣ್ಣ ಪ್ರಯೋಗ ಇದಕ್ಕೂ ಮೊದಲು: ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಬಹಳಷ್ಟು ಇಂಜೆಕ್ಷನ್ ಕಾರುಗಳಲ್ಲಿ ಹಾಗೆ ಮಾಡಿದಾಗ ಪೆಟ್ರೋಲ್ ನಿಲ್ಲುತ್ತದೆ. ಆಗ ಹಿಡಿದರೆ ಇಂಜಿನ್ನಿನಲ್ಲಿ ಪೆಟ್ರೋಲ್ ಜಾಸ್ತಿಯಾಗಿತ್ತು ಎಂದರ್ಥ, ಹುಡುಕಬೇಕಾದ ಜಾಗವೇ ಬೇರೆ: ಸೋರುವ ಇಂಜೆಕ್ಟರ್, ಅಥವಾ ಬಿಸಿ ಇಂಜಿನ್ನನ್ನು ತಣ್ಣಗಿದೆ ಎಂದು ತಪ್ಪು ಹೇಳುವ ಟೆಂಪರೇಚರ್ ಸೆನ್ಸರ್.

ಪ್ರಶ್ನೆ: ಸ್ಟಾರ್ಟ್ ಆಗದಿದ್ದಾಗ ಸೆಲ್ಫಿನ ಮೇಲೆ ಪಾನಾದಿಂದ ತಟ್ಟಿದರೆ ಸ್ಟಾರ್ಟ್ ಆಗುತ್ತದೆ. ಹೀಗೇ ಮುಂದುವರಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮನೆಗೆ ತಲುಪಲು ಒಂದೆರಡು ಸಲ ಪರವಾಗಿಲ್ಲ, ಮೆಲ್ಲಗೆ ತಟ್ಟಿ, ಜೋರಾಗಿ ಹೊಡೆದರೆ ಕೆಲವು ಸೆಲ್ಫುಗಳ ಒಳಗಿನ ಮ್ಯಾಗ್ನೆಟ್ ಒಡೆಯುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಪಾನಾದಿಂದ ಎರಡು ಟರ್ಮಿನಲ್ ಕೂಡಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ, ಅದು ಬೇಡವೇ ಬೇಡ, ಗೇರಿನಲ್ಲಿದ್ದರೆ ಕಾರು ನಿಮ್ಮ ಮೇಲೆಯೇ ಬರುತ್ತದೆ.

ತಟ್ಟಿದರೆ ಸರಿಹೋಗುತ್ತದೆ ಎನ್ನುವುದು ನಿಮಗೆ ಸಿಕ್ಕಿರುವ ಒಳ್ಳೆಯ ಸುಳಿವು. ಕಾರ್ಬನ್ ಸವೆದು ಗಿಡ್ಡವಾಗಿದೆ ಅಥವಾ ಸೊಲೆನಾಯ್ಡಿನೊಳಗಿನ ತಾಮ್ರದ ಪಾಯಿಂಟ್ ಸುಟ್ಟಿದೆ. ಕುಮಟಾದವರಿಗೆ ಬೇಡವಾಗಿದ್ದ ಸೆಲ್ಫ್ ರಿಪೇರಿ ನಿಮಗೆ ಬೇಕು. ಬಿಚ್ಚಿದಾಗ ಕಾರ್ಬನ್, ಬುಶ್, ಸೊಲೆನಾಯ್ಡ್ ಮೂರನ್ನೂ ನಿಮ್ಮ ಕಣ್ಣೆದುರೇ ನೋಡಿಸಿ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಸಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿಸಿ.